ಉತ್ತರಪತ್ರಿಕೆಯ ಮೇಲೆ ನಿಂತ ಮೇಜು

ನಮ್ಮ ಮನೆಯ ಓದುವ ಮೇಜಿಗೆ ಒಂದು ಕಾಲು ಕೊಂಚ ಗಿಡ್ಡ. ಅದರಡಿಗೆ ಮಗಳು ಅನಘಾ ತನ್ನ ಗಣಿತದ ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತುರುಕಿದ್ದಳು. ಆ ಪತ್ರಿಕೆಯಿಂದ ಲೋಕಕ್ಕಾದ ಉಪಕಾರ ಅದೊಂದೇ.

ಅವಳಿಗೆ ಬೇಕಾದದ್ದು ಬಡಗಿಯ ಕೆಲಸ. ಅಪ್ರೆಂಟಿಸ್ ಅರ್ಜಿಗೆ ನನ್ನ ಸಹಿಯಾಗಬೇಕಿತ್ತು, ಸೋಮವಾರವೇ ಕಡೆಯ ದಿನ. ಫ್ರಿಜ್ಜಿನ ಬಾಗಿಲಿಗೆ ಅವಳು ಆಯಸ್ಕಾಂತದಿಂದ ಅಂಟಿಸಿದ್ದ ಆ ಅರ್ಜಿಯನ್ನು ಕಾಣದವನಂತೆ ನಾನು ಮೂರು ವಾರದಿಂದ ಹಾಲು ತೆಗೆಯುತ್ತಿದ್ದೆ. ಭಾರತದವರ ಮಕ್ಕಳೆಂದರೆ ಗಣಿತದಲ್ಲಿ ಹುಲಿಗಳೆಂದು ಈ ಪರದೇಶದ ವಿಲೆಟನ್ ಬಡಾವಣೆಯಲ್ಲಿ ನಮ್ಮ ಬೀದಿಯೆಲ್ಲ ನಂಬಿರುವಾಗ, ಪುಕ್ಕಟೆ ಬಂದ ಆ ಕೀರ್ತಿಯನ್ನು ಬೇಡವೆನ್ನಲು ನಾನೇನು ದಡ್ಡನೇ? ಆದರೂ ಸ್ನೇಹಿತರೇ, ಅನುಭವದ ಮಾತು ಕೇಳಿ: ಪುಕ್ಕಟೆ ಸಿಕ್ಕಿದ್ದನ್ನು ಒಮ್ಮೆ ಮಗುಚಿ ನೋಡಿ ತೆಗೆದುಕೊಳ್ಳಿ.

ಮೇಜು ದೊಡ್ಡದಾದರೆ ಅಂಕಗಳೂ ದೊಡ್ಡವಾದಾವೆಂದು ಹಳೆಯದನ್ನು ಮಾರಾಟಕ್ಕಿಟ್ಟೆ. ಶನಿವಾರ ಬಂದವನು ನಮ್ಮ ಬೀದಿಯವನೇ ಆದ ಡೇವ್ ಎಂಬ ಪ್ಲಂಬರ್. ಮೇಜಿನ ಮುಖವನ್ನೂ ನನ್ನ ಮುಖವನ್ನೂ ನೋಡಿ, "ನಿಮ್ಮ ಮಗಳು ಇದರ ಮೇಲೇ ಓದೋದಾ ಮೇಟ್? ನನ್ನ ಮಗನಿಗೂ ಸ್ವಲ್ಪ ಅಂಟಲಿ!" ಎಂದ. ನಾನು ಸುಳ್ಳಾಡಲಿಲ್ಲ, ವಿನಯದಿಂದ ತಲೆ ತಗ್ಗಿಸಿದೆನಷ್ಟೆ. ಅವನೇ ಬೆಲೆ ಏರಿಸಿದ. ಚೌಕಾಸಿಯಿಂದಲೇ ಬದುಕು ಕಟ್ಟಿಕೊಂಡ ನನಗೆ, ಮೇಲ್ಮುಖವಾಗಿ ಚೌಕಾಸಿ ಮಾಡುವವನು ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ಗ್ಯಾರೇಜಿನಿಂದ ಅನಘಾ ಉಳಿ ಹಿಡಿದೇ ಬಂದಳು.

"ಡೇವ್, ಐ ಫೇಲ್ಡ್ ಮ್ಯಾಥ್ಸ್. ಟ್ವೈಸ್!" ಎಂದವಳೇ ಬಗ್ಗಿ ಪತ್ರಿಕೆಯನ್ನು ಎಳೆದು ತೋರಿಸಿದಳು. ಮೇಜು ವಾಲಿತು, ಜೊತೆಗೆ ನಮ್ಮ ಬೀದಿಯ ನಂಬಿಕೆಯೂ.

"ಮಾನ ಕಳೀಬೇಡ್ವೇ!" ಎಂದೆ.

ಕೋಪ ಬಂದಾಗ ಮಾತ್ರ ಅವಳಿಗೆ ಕನ್ನಡ ಬರುತ್ತದೆ. "ಮಾನ ಆಮೇಲೆ. ಮೊದ್ಲು ಕಾಲು ಹಿಡ್ಕೊಳಪ್ಪಾ!"

ಹಿಡಿದೆ, ಮೇಜಿನದನ್ನು. ಪೆನ್ಸಿಲ್ಲಿನಿಂದ ಒಂದು ಗೆರೆ, ಮರದ ಒಂದು ಚೂರು, ನಾಲ್ಕು ಉಜ್ಜು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಈ ಲೆಕ್ಕವನ್ನು ಇವಳಿಗೆ ಯಾರು ಕಲಿಸಿದರೋ! ಡೇವ್ ಎರಡೂ ಕೈ ಊರಿ ಅದುಮಿದರೂ ಮೇಜು ಮಿಸುಕಲಿಲ್ಲ.

"ನಮ್ಮ ಅಡುಗೆಮನೆ ಕಪಾಟಿನ ಬಾಗಿಲು ಜೋತುಬಿದ್ದಿದೆ, ಬಂದು ನೋಡ್ತೀಯಾ?" ಎಂದು ಅವಳನ್ನು ಕೇಳಿ, ನನ್ನತ್ತ ತಿರುಗಿ ನಕ್ಕ. "ಮೇಜು ಬೇಡ ಮೇಟ್. ಫೇಲಾಗೋದನ್ನ ನನ್ನ ಮಗ ಆಗಲೇ ಕಲಿತಿದಾನೆ."

ಅವನು ಹೋದ ಮೇಲೆ ಅರ್ಜಿಯನ್ನು ಫ್ರಿಜ್ಜಿನಿಂದ ಬಿಡಿಸಿ ತಂದು ಅದೇ ಮೇಜಿನ ಮೇಲಿಟ್ಟು ಸಹಿ ಹಾಕಿದೆ. ಮೇಜು ಅಲುಗಲಿಲ್ಲ. ಖಾಲಿಯಾದ ಆಯಸ್ಕಾಂತದಡಿಗೆ ಅನಘಾ ಆ ಉತ್ತರಪತ್ರಿಕೆಯನ್ನು ಸಿಕ್ಕಿಸಿದಳು, ಅಂಕಗಳು ಎಲ್ಲರಿಗೂ ಕಾಣುವಂತೆ. ಈಗ ನಾನು ಅದನ್ನು ನೋಡಿಕೊಂಡೇ ಹಾಲು ತೆಗೆಯುತ್ತೇನೆ.