ಬಿಸಿಲಿಗೆ ಹೋಗದ ಕಲೆ

ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ನಮ್ಮ ಕನ್ನಡ ಮಾತಾಡುವ ಒಕ್ಕಲು ಮನೆಗಳಿದ್ದ ಊರಿನಲ್ಲಿ ಪಳನಿಯಮ್ಮಾಳನ್ನು ಮದ್ದಿನ ಪಳನಿಯಮ್ಮಾಳ್ ಅಂತಲೇ ಕರೆಯುತ್ತಿದ್ದರು. ಅವಳ ಅಪ್ಪ ಓಲೆಗರಿ ಓದುತ್ತಿದ್ದ ವೈದ್ಯ. ಮಗನಿಗೆ ಎತ್ತಿನ ಬಾಲ ಬಿಟ್ಟರೆ ಬೇರೇನೂ ಬೇಡವಾದ್ದರಿಂದ ನಾಡಿ, ಪಥ್ಯ, ಕಷಾಯ, ಲೇಹ್ಯ ಎಲ್ಲವನ್ನೂ ಮಗಳ ತಲೆಗೆ ತುಂಬಿ ಹೋಗಿದ್ದ. ಗಂಡಸರು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಹೆಂಗಸಿನ ಕೈಗೆ ನಾಡಿ ಕೊಟ್ಟರೆ ಮೀಸೆ ಮಣ್ಣಾಗುತ್ತದಲ್ಲ, ಪಾಪ! ಬರುತ್ತಿದ್ದವರು ಬಾಣಂತಿಯರು, ಕೂಸುಗಳು, ಮೈ ನೆರೆಯುವ ವಯಸ್ಸಿನ ಹುಡುಗಿಯರು. ಹುಡುಗಿ ದೊಡ್ಡವಳಾದಳು ಅಂತ ಪಳನಿಯಮ್ಮಾಳ್ ಹೇಳಿದರೆ ಮುಗಿಯಿತು, ಊರು ಮತ್ತೊಬ್ಬರನ್ನು ಕೇಳುತ್ತಿರಲಿಲ್ಲ.

ಹನ್ನೊಂದು ವರ್ಷದಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಒಬ್ಬಳೇ ಮಗಳು ತಿಲಗವತಿ ಹದಿನೈದಕ್ಕೆ ಜ್ವರದಲ್ಲಿ ಹೋದಳು. ಅವತ್ತು ಪಳನಿಯಮ್ಮಾಳ್ ಅಳಲಿಲ್ಲ. ನಾಳೆ ಅಳುತ್ತಾಳೆ ಬಿಡಿ ಅಂದರು ಜನ. ಆ ನಾಳೆ ಬರಲೇ ಇಲ್ಲ. ಕೆಂಡ ತಾಗಿದರೆ ಬೊಬ್ಬೆ ಎದ್ದ ಮೇಲೆ ನೋಡಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾಲಿಗೆಗೆ ರುಚಿ ಸತ್ತುಹೋಗಿತ್ತು, ಲೇಹ್ಯದ ಹದ ನೋಡಲು ಪಕ್ಕದ ಮನೆಯವರನ್ನು ಕೂಗುತ್ತಿದ್ದಳು. ಕಲ್ಲೆದೆಯವಳು ಅಂತ ಆಡಿಕೊಂಡರು. ಆಡಿಕೊಳ್ಳಲಿ, ಊರ ಬಾಯಿಗೆ ಬಾಗಿಲು ಹಾಕಿದವರು ಯಾರಿದ್ದಾರೆ?

ಪೆರಿಯಾರ್ ನದಿಗೆ ಮೇಲೆ ಬೆಟ್ಟದಲ್ಲಿ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಗಾಡಿಯವರು ಸುಣ್ಣ ಹೇರಿಕೊಂಡು ಘಟ್ಟ ಹತ್ತುತ್ತಿದ್ದರು, ಕಣಿವೆಯಲ್ಲಿ ಮೊದಲಿಂದಲೂ ಇದ್ದ ಚಳಿಜ್ವರವನ್ನು ಇಳಿಯುವಾಗ ಇನ್ನಷ್ಟು ಹೊತ್ತು ತರುತ್ತಿದ್ದರು. ಐಪ್ಪಸಿ ತಿಂಗಳ ಮಳೆ ಹಿಡಿಯಿತೆಂದರೆ ಊರಲ್ಲಿ ಮನೆಗಿಬ್ಬರು ಕಂಬಳಿ ಹೊದ್ದು ಮಲಗುತ್ತಿದ್ದರು. ಮೈಯಲ್ಲಿ ಕಸುವಿದ್ದವರು ಎದ್ದರು, ಇಲ್ಲದವರು ಹೋದರು.

ಆ ವರ್ಷ ಆವಣಿ ತಿಂಗಳಲ್ಲಿ, ಮಳೆಗೆ ಇನ್ನೂ ಎರಡು ತಿಂಗಳಿರುವಾಗ, ತಂಗಮ್ಮಾಳ್ ತನ್ನ ಮಗಳು ಪೊನ್ನುತಾಯಿಯನ್ನು ಕರೆತಂದಳು.

"ಅಕ್ಕಾ, ಈ ಪುಳ್ಳೆ ಮಣ್ಣು ತಿಂತದೆ. ಗೋಡೆ ಕೆರೆದು ಕೆರೆದು ಕಾಳು ತುಂಬೋ ಕುದುರಿನ ಹಿಂದೆ ಗುಂಡಿ ಮಾಡಿಟ್ಟವಳೆ. ಹೊಡೆದೆ, ಬೈದೆ, ಬಿಡ್ಲಿಲ್ಲ."

ಪಳನಿಯಮ್ಮಾಳ್ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಹದಿನಾಲ್ಕು ತುಂಬಿದವಳ ತೋಳು ಪಳನಿಯಮ್ಮಾಳ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿತು. ನಾಡಿ ಓಡುತ್ತಿತ್ತು, ಬಲವಿರಲಿಲ್ಲ.

"ಪಾಂಡುರೋಗ, ಮೈಯಲ್ಲಿ ರಕ್ತ ಇಲ್ಲ," ಅಂದಳು. "ಮದ್ದಿಗಿಂತ ಮುಂಚೆ ಊಟ. ಉದ್ದು, ಎಳ್ಳು, ಕರುಪಟ್ಟಿ ಬೆಲ್ಲ, ನುಗ್ಗೆಸೊಪ್ಪು, ದಿನಾ ಒಂದು ಮೊಟ್ಟೆ."

ತಂಗಮ್ಮಾಳ್ ಕೆನ್ನೆ ಬಡಿದುಕೊಂಡಳು. "ಅಯ್ಯೋ ಸಾಮಿ! ಉದ್ದು ಎಳ್ಳು ತಿನ್ಸಿದ್ರೆ ನಾಳೇನೇ ಮೈ ನೆರೆದು ಕುಂತ್ಕೊತಾಳೆ. ಅಣ್ಣನ ಮಗನಿಗೆ ಇನ್ನೂ ಒಂಬತ್ತು ಅಕ್ಕಾ! ಅವನು ದೊಡ್ಡವನಾಗೋ ಗಂಟ ಇವಳನ್ನ ಹ್ಯಾಂಗೆ ಕಾಯ್ಲಿ? ಏನಾದ್ರೂ ಲೇಹ್ಯ ಕೊಡು."

ನಮ್ಮವರಲ್ಲಿ ಹುಡುಗಿ ಸೋದರಮಾವನ ಮಗನಿಗೆ ಸಲ್ಲಬೇಕು, ಅವನು ತೊಟ್ಟಿಲಲ್ಲಿದ್ದರೂ ಸರಿ. ಹುಡುಗ ಚಿಕ್ಕವನಾದರೆ ಹುಡುಗಿಯ ತಟ್ಟೆಯಿಂದ ಉದ್ದು, ಎಳ್ಳು, ಬೆಲ್ಲ, ಮೊಟ್ಟೆ ಒಂದೊಂದೇ ಮಾಯ. ಮೈ ತುಂಬದಿದ್ದರೆ ನೆರೆಯುವುದು ತಡವಾಗುತ್ತದೆ ಅನ್ನುವ ಲೆಕ್ಕ. ಎಂಥಾ ಬುದ್ಧಿ ನೋಡಿ! ತಾಯಂದಿರು ಕೆಟ್ಟವರೇನಲ್ಲ. ತಮ್ಮ ತಾಯಂದಿರು ಮಾಡಿದ್ದನ್ನೇ ಮಾಡುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆ, ಊಟವನ್ನೇ ಕೊಡದವಳ ಗತಿ ಏನೆಂದು ಆ ಗಾದೆ ಕಟ್ಟಿದವನು ಹೇಳಲಿಲ್ಲ.

ಪಳನಿಯಮ್ಮಾಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ತಂಗಮ್ಮಾಳ್ ಈಗ ಆಡಿದ ಮಾತನ್ನು ಹನ್ನೊಂದು ವರ್ಷದ ಹಿಂದೆ ಪಳನಿಯಮ್ಮಾಳೇ ಆಡಿದ್ದಳು. ಅವಳ ಅಣ್ಣನ ಮಗನಿಗೆ ಆಗ ಏಳು. ವೈದ್ಯನ ಮಗಳಾಗಿ, ಎಲ್ಲ ಗೊತ್ತಿದ್ದೂ, ತಿಲಗವತಿಯ ಎಲೆಯಿಂದ ಎಳ್ಳುಂಡೆ ತೆಗೆದು ಲೇಹ್ಯದ ಗೋಲಿ ಇಟ್ಟಿದ್ದಳು. ಐಪ್ಪಸಿಯ ಜ್ವರಕ್ಕೆ ಮಗಳು ಮೂರು ದಿನ ಕೂಡ ನಿಲ್ಲಲಿಲ್ಲ. ಇದನ್ನೆಲ್ಲ ಅವಳು ಯಾರದೋ ಮನೆಯ ಸುದ್ದಿಯ ಹಾಗೆ ನೆನೆದಳು. ಈ ಹುಡುಗಿಯೂ ಹೀಗೇ ಮಳೆಗೆ ಸಿಕ್ಕರೆ ಉಳಿಯುವುದಿಲ್ಲ ಅಂತ ಮಾತ್ರ ಗೊತ್ತಾಯಿತು.

"ನೀನು ಹೋಗು, ಪುಳ್ಳೆನ ನಾಳೆ ಕಳಿಸ್ತೀನಿ," ಅಂದಳು.

ತಾಯಿ ಹೋದ ಮೇಲೆ ಅರಿಶಿನಕ್ಕೆ ಸುಣ್ಣ ಕಲಸಿದಳು. ಆರತಿ ನೀರಿನ ಹಾಗೆ ಕೆಂಪಗಾಯಿತು. ಅದಕ್ಕೆ ಚಿಟಿಕೆ ಮಸಿ ಹಾಕಿ ಪೊನ್ನುತಾಯಿ ಉಟ್ಟ ಸೀಲೆಗೆ ಹಚ್ಚಿದಳು.

"ಹೊಟ್ಟೆ ನೋಯ್ತದೆ ಅನ್ನು. ಬೇರೆ ಏನೂ ಅನ್ನಬೇಡ."

"ಸುಳ್ಳಲ್ವಾ ಅತ್ತೆ?"

"ಹಸಿವು ನಿಜ ತಾನೆ?"

ಹುಡುಗಿ ಹೂಂ ಅಂತ ತಲೆ ಅಲ್ಲಾಡಿಸಿದಳು.

ಮಾರನೆಯ ದಿನ ಹುಡುಗಿ ನೆರೆದಳು ಅಂತ ಪಳನಿಯಮ್ಮಾಳ್ ಊರಿಗೆ ಹೇಳಿದಳು. ಯಾಕೆ ಈ ಸುಳ್ಳು ಅಂತೀರಾ? ನಮ್ಮ ಹೆಣ್ಣಿಗೆ ಜನ್ಮದಲ್ಲಿ ಹೊಟ್ಟೆ ತುಂಬ ಸಿಗುವುದು ಒಂದೇ ಸಲ, ಮೈ ನೆರೆದ ಹದಿನಾರು ದಿನ. ಸೋದರಮಾವ ಹಸಿ ಸೊಪ್ಪಿನ ಗುಡಿಸಲು ಹಾಕಿ, ಉದ್ದು, ಎಳ್ಳೆಣ್ಣೆ, ಕರುಪಟ್ಟಿ ಹೊತ್ತು ತರಲೇಬೇಕು. ಸುಳ್ಳು ಬಯಲಾದರೆ ಶುಭಕ್ಕೆ ಮಸಿ ಬಳಿದವಳೆಂದು ಊರು ಪಳನಿಯಮ್ಮಾಳನ್ನು ಇನ್ನೊಬ್ಬ ಹುಡುಗಿಯ ಹೊಸ್ತಿಲು ತುಳಿಯಗೊಡುವುದಿಲ್ಲ. ಅದೂ ಅವಳಿಗೆ ಗೊತ್ತಿತ್ತು. ಹೆದರಿಕೆ ಆಗಲಿಲ್ಲ.

ಮಾವ ಪೆರಿಯಣ್ಣನ್ ಕಟ್ಟೆಗೆ ಸುಣ್ಣ ಹೇರುವ ಗಾಡಿಯವನು. ತಂಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದರೂ ಅವನು ಮಾತ್ರ ಹಿಗ್ಗಿ ಒಂದು ಮೂಟೆ ಉದ್ದು ಇಳಿಸಿದ. ಬೆಳಿಗ್ಗೆ ಎಳ್ಳೆಣ್ಣೆಯೊಂದಿಗೆ ಹಸಿ ಮೊಟ್ಟೆ, ಹೊತ್ತೇರಿದ ಮೇಲೆ ಉದ್ದಿನ ಹಿಟ್ಟಿಗೆ ಬೆಲ್ಲ ಹಾಕಿ ಬೇಯಿಸಿದ ಕಳಿ, ಸಂಜೆ ನುಗ್ಗೆಸೊಪ್ಪಿನ ಸಾರು ಅನ್ನ. ಕಳಿ ತಿರುವುವುದು ಪಳನಿಯಮ್ಮಾಳೇ. "ಸಿಹಿ ಸಾಕಾ?" ಅಂತ ಹುಡುಗಿಯನ್ನೇ ಕೇಳುತ್ತಿದ್ದಳು. ಮೊದಲ ದಿನ ಪೊನ್ನುತಾಯಿ ತಲೆ ಎತ್ತದೆ ಬಟ್ಟಲು ಬಳಿದು ತಿಂದಳು. ಎಂಟನೆಯ ದಿನ, "ಇನ್ನೂ ಸೊಲ್ಪ ಬೆಲ್ಲ ಹಾಕತ್ತೆ," ಅಂದಳು. ಮಣ್ಣಿನ ನೆನಪು ಬಿಟ್ಟಿತ್ತು.

ಒಂಬತ್ತನೆಯ ದಿನ ಅಗಸರ ಮುನಿಯಮ್ಮಾಳ್ ಹಿತ್ತಿಲಿಗೆ ಬಂದಳು. ನೆರೆದ ಹುಡುಗಿಯ ಸೀಲೆ ಒಯ್ಯುವುದು ಅವಳ ಹಕ್ಕು, ಮೊದಲ ದಿನವೇ ಒಯ್ದಿದ್ದಳು. ಪಳನಿಯಮ್ಮಾಳ್ ಅದನ್ನು ಮರೆತೇಬಿಟ್ಟಿದ್ದಳು.

"ಬಿಸಿಲಿಗೆ ಹಾಕ್ದೆ, ಕಲೆ ಹೋಯ್ತು," ಅಂದಳು ಮುನಿಯಮ್ಮಾಳ್, ಮಡಿಸಿದ ಸೀಲೆ ಮುಂದಿಟ್ಟು. "ಅರಿಸಿನ ಬಿಸಿಲಿಗೆ ಹೋಗ್ತದೆ. ಅದು ಹೋಗಲ್ಲ. ಮೂವತ್ತು ವರ್ಸದಿಂದ ಒಗೀತಿದೀನಿ ಅವ್ವಾ."

"ಯಾರಿಗೆ ಹೇಳ್ದೆ?"

ಮುನಿಯಮ್ಮಾಳ್ ಸೀಲೆಯ ಮಡಿಕೆ ಸರಿ ಮಾಡಿದಳು. "ನಿಮ್ ತಿಲಗವತಿ ಸೀಲೆಗಳ್ನೂ ನಾನೇ ತಗೊಂಡೋದೆ, ಅವಳು ಸತ್ತ ದಿನ. ಒಂದ್ರಲ್ಲೂ ಕಲೆ ಇರ್ಲಿಲ್ಲ. ಯಾಕೆ ಅಂತ ನಂಗೊತ್ತಾಯ್ತು. ಅವತ್ತೂ ಯಾರಿಗೂ ಹೇಳ್ಲಿಲ್ಲ."

ಅಷ್ಟು ಹೇಳಿ ಸೀಲೆ ಬಿಟ್ಟು ಹೊರಟಳು. ಪಳನಿಯಮ್ಮಾಳ್ ಒಳಗೆ ಬಂದು ಕಳಿ ತಿರುವಿದಳು. ತಳ ಹಿಡಿದಿತ್ತು.

ಐಪ್ಪಸಿಯಲ್ಲಿ ಜ್ವರ ಬಂತು. ಆ ಹೊತ್ತಿಗೆ ಹದಿನಾರು ದಿನ ಮುಗಿದು, ಪದ್ಧತಿಯಂತೆ ಗುಡಿಸಲು ಸುಟ್ಟು ತಿಂಗಳಾಗಿತ್ತು. ದೊಡ್ಡವಳಾದ ಮೇಲೆ ಬಚ್ಚಿಡುವುದೇನಿದೆ ಅಂತ ತಂಗಮ್ಮಾಳ್ ಮಿಕ್ಕ ಉದ್ದು, ಎಣ್ಣೆ ಎಲ್ಲವನ್ನೂ ಮಗಳಿಗೇ ಹಾಕುತ್ತಿದ್ದಳು. ಪೊನ್ನುತಾಯಿ ಹನ್ನೆರಡು ದಿನ ಮಲಗಿದಳು. ಪಳನಿಯಮ್ಮಾಳ್ ನೆಲಬೇವಿನ ಕಷಾಯ ಕುಡಿಸುತ್ತಾ ಪಕ್ಕದಲ್ಲೇ ಕೂತಿದ್ದಳು. ಮೂರನೆಯ ದಿನ ಕಳೆಯಿತು. ನಾಲ್ಕನೆಯದೂ ಕಳೆಯಿತು. ಹದಿಮೂರನೆಯ ದಿನ ಹುಡುಗಿ ಎದ್ದು ಕೂತು ಗಂಜಿ ಕೇಳಿದಳು. ತಂಗಮ್ಮಾಳ್ ಓ ಅಂತ ಅತ್ತಳು. ಪಳನಿಯಮ್ಮಾಳ್ ಗಂಜಿ ಬಸಿದು ಕೊಟ್ಟು ಮನೆಗೆ ಹೋಗಿ ಮಲಗಿದಳು.

ಮಳೆ ಚಳಿ ಕಳೆದು ಬಿಸಿಲು ಬಲಿತ ಮಾಸಿ ತಿಂಗಳ ಒಂದು ಬೆಳಿಗ್ಗೆ ಪೊನ್ನುತಾಯಿ ಹಿತ್ತಿಲ ಬಾಗಿಲಿಗೆ ಓಡಿ ಬಂದಳು. ಏದುಸಿರು ಬಿಡುತ್ತಾ, ಸುತ್ತಿದ ಸೀಲೆಯೊಂದನ್ನು ಎದೆಗೆ ಅವಚಿಕೊಂಡಿದ್ದಳು.

"ಅತ್ತೆ, ಈಗ ನಿಜವಾಗ್ಲೂ..."

ಊರಿಗೆ ಎರಡನೇ ಸಲ ಹೇಳುವ ಹಾಗಿಲ್ಲ. ಮಾವನೂ ಇಲ್ಲ, ಗುಡಿಸಲೂ ಇಲ್ಲ. ಪಳನಿಯಮ್ಮಾಳ್ ತನ್ನ ಮನೆಯ ಉದ್ದು ಹುರಿದು, ಬೀಸಿ, ಕಳಿ ತಿರುವಿ ಅವಳನ್ನು ಒಲೆ ಮುಂದೆ ಕೂರಿಸಿದಳು. ಹುಡುಗಿ ತಿನ್ನುತ್ತಿದ್ದಾಗ ಸೀಲೆ ಎತ್ತಿಕೊಂಡು ಹಳ್ಳಕ್ಕೆ ಹೋದಳು. ಮುನಿಯಮ್ಮಾಳ್ ತಣ್ಣೀರಲ್ಲಿ ಎರಡು ಸಲ ಒಗೆದು ಬಂಡೆಯ ಮೇಲೆ ಹರವಿದಳು. ಇಬ್ಬರೂ ಹೊಂಗೆಯ ನೆರಳಲ್ಲಿ ಕೂತು ಬಿಸಿಲು ನೆತ್ತಿಗೇರುವವರೆಗೆ ಕಾದರು.

ಮುನಿಯಮ್ಮಾಳ್ ಎದ್ದು ಹೋಗಿ ಸೀಲೆ ತಿರುಗಿಸಿ ನೋಡಿದಳು.

"ಹೋಗ್ಲಿಲ್ಲ ಅವ್ವಾ," ಅಂದಳು.

ಪಳನಿಯಮ್ಮಾಳ್ ಎದ್ದು ಬಂದು ಆ ಕಲೆಯ ಮೇಲೆ ಬೆರಳಿಟ್ಟಳು. ಬಂಡೆ ಕಾದಿತ್ತು, ಬೆರಳು ಸುಟ್ಟಿತು. ಹಾ ಎಂದು ಕೈ ಎಳೆದುಕೊಂಡಳು. ಆಮೇಲೆ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದು, "ತಿಲಗಾ, ನಾನೇ ಕಣೆ ನಿನ್ನ ಎಲೆಯಿಂದ ತೆಗೆದಿದ್ದು," ಅಂತ ಹಳ್ಳಕ್ಕೆಲ್ಲ ಕೇಳುವ ಹಾಗೆ ಅತ್ತಳು. ಮುನಿಯಮ್ಮಾಳ್ ಮಿಕ್ಕ ಬಟ್ಟೆ ಒಗೆಯುವುದು ಬಿಟ್ಟು, ಒದ್ದೆ ಕೈಯಲ್ಲೇ ಅವಳ ಬೆನ್ನು ಹಿಡಿದುಕೊಂಡು ಕೂತಳು.