ಸೊಸೆಯ ಕಿವಿ ತೆರೆಸಿದ ತಾರಕೇಶ್ವರ

ಭಕ್ತ ಬಂಧುಗಳಿಗೆ ಶಾಂತವ್ವನ ಶರಣು. ನಾನು ಹಾನಗಲ್ಲಿನ ಮಗಳು. ಈಗ ಯಲವಿಗಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮಗ ಮಹಾಂತೇಶ ಅಲ್ಲಿಯ ರೈಲು ನಿಲ್ದಾಣದಲ್ಲಿ ಸ್ಟೇಶನ್ ಮಾಸ್ತರ. ಅಂಗನವಾಡಿಯಲ್ಲಿ ಬಹಳ ವರ್ಷ ಮಕ್ಕಳ ತೂಕ ಬರೆದು ರೂಢಿಯೇ ಹೊರತು ಇಂಥದ್ದನ್ನು ಬರೆದು ರೂಢಿಯಿಲ್ಲ. ಆದರೂ ನನ್ನ ತವರೂರಿನ ದೇವರು ತಾರಕೇಶ್ವರ ನಮ್ಮ ಮನೆಯಲ್ಲಿ ಮಾಡಿದ್ದನ್ನು ನಾಲ್ಕು ಜನರಿಗೆ ಹೇಳದೆ ಇದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಅನ್ನಿಸಿ ಕೂತಿದ್ದೇನೆ.

ಹೋದ ವರ್ಷ ಶ್ರಾವಣದ ಮೊದಲನೆಯ ಶನಿವಾರ. ಸೊಸೆ ಪವಿತ್ರಾ ಮಧ್ಯಾಹ್ನದ ಗಾಡಿಗೆ ಹುಬ್ಬಳ್ಳಿಯಿಂದ ಬಂದಳು. ಚಿಕ್ಕೇರೂರಿನ ಹುಡುಗಿ. ಎಂಬಿಬಿಎಸ್ ಮುಗಿಸಿ ನಮ್ಮ ಮನೆಗೆ ಬಂದ ವರ್ಷವೇ ಅವಳಿಗೆ ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಎಂಡಿ ಸೀಟು ಸಿಕ್ಕಿತ್ತು. ಅಲ್ಲಿಯೇ ಹಾಸ್ಟೆಲಿನಲ್ಲಿದ್ದು ಬಿಡುವಾದಾಗ ಮನೆಗೆ ಬರುತ್ತಿದ್ದಳು. ಬಂದವಳು ಯಾವತ್ತೂ ಮೊದಲು ಅಡುಗೆ ಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಅವತ್ತು ಚಪ್ಪಲಿ ಬಿಟ್ಟವಳೇ ಬಾಗಿಲ ಹತ್ತಿರ ಕುಳಿತುಬಿಟ್ಟಳು.

"ಅತ್ತೀ, ನಾ ಎಂಡಿ ಬಿಡ್ತೇನಿ" ಅಂದಳು.

ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೊದಲ ಉಣ್ಣು. ಆಮ್ಯಾಲ ಬಿಡಾಕಿ ಅಂತ" ಅಂದೆ.

ಉಣ್ಣುತ್ತಾ ಎಲ್ಲ ಹೇಳಿದಳು. ಅವರ ಓದು ಮೂರು ವರ್ಷದ್ದು. ಅದರಲ್ಲಿ ಎರಡು ತಿಂಗಳು ಒಂದು ವಿಭಾಗ, ಎರಡು ತಿಂಗಳು ಇನ್ನೊಂದು, ಹೀಗೆ ತಿರುಗಿಸುತ್ತಾರೆ. ಪ್ರತಿ ವಿಭಾಗಕ್ಕೂ ಕಲಿಯಬೇಕಾದ ಗುರಿಗಳನ್ನು ಬರೆದ ಒಂದು ಪುಸ್ತಕವಿದೆ. ಐಸಿಯುದಲ್ಲಿ ಇಷ್ಟು, ಕಿಡ್ನಿ ವಿಭಾಗದಲ್ಲಿ ಇಷ್ಟು. ಕಲಿತದ್ದನ್ನು ದೊಡ್ಡ ಡಾಕ್ಟರು ನೋಡಿ ಸಹಿ ಹಾಕಬೇಕು. ಆ ಪುಸ್ತಕ ನನಗೆ ಹೊಸದಲ್ಲ. ಅವಳು ಮನೆಗೆ ತಂದಾಗೆಲ್ಲ ನಾನೇ ಕನ್ನಡಕ ಹಾಕಿಕೊಂಡು ತಿರುವಿ ಹಾಕುತ್ತಿದ್ದೆ. ಮಗು ಎಷ್ಟನೆಯ ತಿಂಗಳಿಗೆ ಕತ್ತು ನಿಲ್ಲಿಸಬೇಕು, ಯಾವಾಗ ಕೂಡಬೇಕು, ಯಾವಾಗ ಹೆಜ್ಜೆ ಇಡಬೇಕು ಎಂದು ನಮ್ಮ ಅಂಗನವಾಡಿಯಲ್ಲಿ ಇರುವ ಪಟ್ಟಿಯ ಹಾಗೆಯೇ ಅದು ಕಾಣುತ್ತಿತ್ತು.

ಆಗ ಅವಳು ಹೃದಯ ವಿಭಾಗದಲ್ಲಿದ್ದಳು. ಎದೆಯ ಸದ್ದು ಕೇಳಿಯೇ ಕವಾಟದ ದೋಷ ಗುರುತಿಸಬೇಕು ಎಂಬುದು ಅಲ್ಲಿಯ ಒಂದು ಗುರಿ.

"ನನಗ ಏನೂ ಕೇಳಂಗಿಲ್ಲ ಅತ್ತೀ" ಅಂದಳು. "ಎಲ್ಲಾರೂ ಕೇಳ್ತೈತಿ ಅಂತಾರ. ಅದಕ್ಕ ನಾ ಮೊದಲ ಎದಿ ಸ್ಕ್ಯಾನಿಂಗ್ ಮಾಡಿದ ಎಕೋ ರಿಪೋರ್ಟ್ ಓದ್ತಿದ್ನಿ. ಅದರಾಗ ಏನೈತಿ ಅದನ್ನ ನನಗೂ ಕೇಳಿಸ್ತು ಅಂತ ಬರೀತಿದ್ನಿ. ನಿನ್ನಿ ನಮ್ಮ ದೊಡ್ಡ ಡಾಕ್ಟರ್ ಮೇಡಂ ಫೈಲ್ ತಗದಿಟ್ಟು, ಈಗ ಕೇಳಿ ಹೇಳು ಅಂದ್ರು. ಅಲ್ಲೇ ಸಿಕ್ಕಬಿದ್ನಿ."

"ಮೇಡಂ ಏನಂದ್ರು?"

"ಕೇಳಿಸದಿದ್ರ ಕಲಸ್ತೇನಿ, ಸುಳ್ಳ ಬರದ್ರ ಹೆಂಗ ಕಲಸ್ಲಿ ಅಂದ್ರು. ಸಹಿ ಹಾಕಲಿಲ್ಲ. ಎರಡ ವಾರ ಟೈಮ್ ಕೊಟ್ಟಾರ."

ನನಗೆ ಮೊದಲು ಸಿಟ್ಟು ಬಂತು. ಜನರ ಜೀವದ ವಿಷಯದಲ್ಲಿ ಸುಳ್ಳು ಬರೆಯುವುದೇ ಎಂದು. ಆದರೆ ಮುಖ ನೋಡಿದರೆ, ಬಯ್ಯುವುದು ಏನೂ ಉಳಿದಿರಲಿಲ್ಲ, ತನಗೆ ತಾನೇ ಎಲ್ಲ ಬೈದುಕೊಂಡು ಬಂದಿದ್ದಳು. "ನಮ್ಮ ಅಂಗನವಾಡ್ಯಾಗ ಒಂದೂವರಿ ವರ್ಷಕ್ಕ ನಡದ ಕೂಸುಗಳನ್ನೂ ನೋಡೇನಿ ನಾ. ಅವು ಈಗ ಓಡಾಕತ್ತಾವ" ಅಂದೆ. ಅವಳು ನಗಲಿಲ್ಲ. ಇನ್ನೊಂದು ರೊಟ್ಟಿ ಮಾತ್ರ ತೆಗೆದುಕೊಂಡಳು.

ಸೋಮವಾರ ಅವಳನ್ನು ಬೆಳಗಿನ ಗಾಡಿಗೆ ಕಳಿಸಿ, ನಾನು ಹಾನಗಲ್ಲಿಗೆ ಹೊರಟೆ. ಯಲವಿಗಿಯಿಂದ ಸವಣೂರು, ಅಲ್ಲಿಂದ ಶಿಗ್ಗಾವಿ, ಅಲ್ಲಿಂದ ಹಾನಗಲ್ಲ, ಮೂರು ಬಸ್ಸು. ಶ್ರಾವಣ ಸೋಮವಾರವೆಂದು ಬಸ್ಸುಗಳೆಲ್ಲ ತುಂಬಿದ್ದವು. ಶಿಗ್ಗಾವಿಯಲ್ಲಿ ಒಬ್ಬ ಬುರ್ಖಾ ತೊಟ್ಟ ಹೆಣ್ಣುಮಗಳು ನನ್ನ ಮುಖ ನೋಡಿ, "ಬರ್ರಿ ಅಮ್ಮಾ, ಇಲ್ಲೇ ಕುಂದರ್ರಿ" ಎಂದು ತನ್ನ ಸೀಟು ಬಿಟ್ಟುಕೊಟ್ಟಳು. ನನ್ನ ಮುಖ ಹಾಗೆ ಬಾಡಿತ್ತೇನೋ. ಹಾನಗಲ್ಲಿನ ಬಸ್ ನಿಲ್ದಾಣದಿಂದ ತಾರಕೇಶ್ವರನ ಗುಡಿಯವರೆಗೆ ನಡೆಯುವಷ್ಟರಲ್ಲಿ ಮೂರು ಕಡೆ ನಿಂತು ದಮ್ಮು ತೆಗೆದುಕೊಂಡೆ. ಒಂದೆರಡು ವರ್ಷದಿಂದ ಹಾಗೆಯೇ ಆಗಿತ್ತು. ವಯಸ್ಸಾಯಿತು ಎಂದುಕೊಂಡು ಮಗನಿಗಾಗಲಿ ಸೊಸೆಗಾಗಲಿ ಹೇಳಿರಲಿಲ್ಲ.

ಗುಡಿಯ ಒಳಗೆ ಆ ಕರಿಕಲ್ಲಿನ ತಂಪಿನಲ್ಲಿ ನಿಂತು ಒಂದೇ ಮಾತು ಬೇಡಿದೆ. "ತಂದೀ, ನನ್ನ ಸೊಸಿ ಕಿವಿ ತೆರಿ. ಬ್ಯಾರೆ ಏನೂ ಕೇಳಂಗಿಲ್ಲ." ನನಗಾಗಿ ಏನೂ ಬೇಡಲಿಲ್ಲ. ಬೇಡಬೇಕು ಎಂದು ಹೊಳೆಯಲೂ ಇಲ್ಲ.

ಸಂಜೆ ಮನೆಗೆ ಬಂದರೆ ಪವಿತ್ರಾ ನನಗಿಂತ ಮೊದಲೇ ಬಂದು ಕುಳಿತಿದ್ದಳು.

"ಅತ್ತೀ, ಇನ್ನ ಎರಡ ವಾರ ನಾ ದಿನಾ ಗಾಡಿಗೆ ಓಡಾಡ್ತೇನಿ. ಮೊದಲ ಆರೋಗ್ಯ ಇದ್ದ ಎದಿ ಸದ್ದು ಚಲೋತ್ನ್ಯಾಗ ಕೇಳಿ ಕಲಿ, ಆಮ್ಯಾಲ ರೋಗದ್ದು ತಾನ ತಿಳೀತೈತಿ ಅಂತ ಮೇಡಂ ಹೇಳ್ಯಾರ. ನಿಮ್ಮ ಎದಿ ಕೇಳ್ಲ್ಯಾ?"

"ನನ್ನ ಎದ್ಯಾಗ ಏನೈತಿ ಕೇಳಾಕ? ನಿನ್ನ ಗಂಡಂದ ಕೇಳು."

"ಅವರು ಸುಮ್ಮನ ಕುಂದರಂಗಿಲ್ಲರಿ. ನಗತಾರ."

ಅಂದಿನಿಂದ ಬೆಳಿಗ್ಗೆ ಗಾಡಿಗೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ನಾನು ಮಂಚದ ಮೇಲೆ ಮಲಗುವುದು, ಅವಳು ಕೇಳುವುದು. ಕೊರಳಲ್ಲಿಯ ಲಿಂಗವನ್ನು ಮುಟ್ಟುವ ಮೊದಲು ಪ್ರತಿ ಸಲವೂ "ಸರಸಲ್ಯಾ ಅತ್ತೀ?" ಎಂದು ಕೇಳಿ, ಮೆಲ್ಲಗೆ ಪಕ್ಕಕ್ಕಿಟ್ಟು ಸ್ಟೆತಸ್ಕೋಪ್ ಇಡುತ್ತಿದ್ದಳು. ಅಂಗಾತ ಮಲಗಿಸಿ ಕೇಳುವಳು. ಎಡಕ್ಕೆ ಹೊರಳಿಸಿ ಕೇಳುವಳು. ಕೂಡಿಸಿ ಕೇಳುವಳು. ಒಂದು ದಿನ ಎಡಕ್ಕೆ ಹೊರಳಿಸಿದಾಗ, "ತಡೀರಿ ಅತ್ತೀ, ಗೂಡ್ಸ್ ಗಾಡಿ ಬರಾಕತ್ತೈತಿ. ಅದು ದಾಟಲಿ" ಅಂದಳು. ಇಬ್ಬರೂ ಕಾದೆವು. ಯಾವ ಗಾಡಿಯೂ ಬರಲಿಲ್ಲ. ಮಹಾಂತೇಶ ಹೊರಗಿನಿಂದ, "ಈ ಹೊತ್ತಿನ್ಯಾಗ ಯಾವ ಗೂಡ್ಸೂ ಇಲ್ಲ" ಅಂದ. "ಹಂಗಾರ ದೂರ ಎಲ್ಲೋ ಲಾರಿ ಇರ್ಬೇಕು" ಎಂದು ಅವಳು ಮತ್ತೆ ಕಿವಿಗೊಟ್ಟಳು.

ಒಂದು ವಾರ ಕಳೆಯುವಷ್ಟರಲ್ಲಿ ಅವಳ ಮುಖಕ್ಕೆ ಕಳೆ ಬಂತು. "ನಿಮ್ಮ ಎದಿ ಎಷ್ಟ ಜೋರ ಬಡೀತೈತ್ರಿ. ಸಣಕಲ ಇದ್ದೀರಲ್ಲ, ಅದಕ್ಕ ಸ್ಪಷ್ಟ ಕೇಳ್ತೈತಿ. ಕಣ್ಣ ಮುಚ್ಚಿದ್ರೂ ಇದು ಅತ್ತಿಯವರ ಎದಿ ಅಂತ ಹೇಳ್ತೇನಿ ಈಗ" ಅಂದಳು. ನನಗೆ ಅಷ್ಟೇ ಸಾಕಾಗಿತ್ತು. ದಿನಕ್ಕೆ ಎರಡು ಸಲ ಸೊಸೆಯ ತಲೆ ನನ್ನ ಎದೆಯ ಹತ್ತಿರ ಬಾಗಿರುತ್ತಿತ್ತು. ಹೆಣ್ಣುಮಕ್ಕಳಿಲ್ಲದ ನನಗೆ ಆ ಹತ್ತು ದಿನ ಮಗಳನ್ನು ಮಡಿಲಲ್ಲಿ ಹಾಕಿಕೊಂಡಂತೆ ಇತ್ತು.

ಎರಡನೆಯ ವಾರದ ಗುರುವಾರ ಮೇಡಂ ಪವಿತ್ರಾಳನ್ನು ಒಬ್ಬ ರೋಗಿಯ ಹತ್ತಿರ ಕರೆದೊಯ್ದರಂತೆ. ಮಾಸೂರಿನ ಗಂಗವ್ವ, ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುವ ಹೆಣ್ಣುಮಗಳು. ನಾಟಿ ಹಚ್ಚುವಾಗ ಉಸಿರು ಕಟ್ಟುತ್ತದೆ ಎಂದು ಬಂದಿದ್ದಳು. ಫೈಲ್ ಮೇಡಂ ಕೈಯಲ್ಲೇ ಇತ್ತು. ಜೊತೆಯ ಡಾಕ್ಟರುಗಳೆಲ್ಲ ಸುತ್ತ ನಿಂತಿದ್ದರು. ಮುಂದಿನದನ್ನು ಪವಿತ್ರಾ ಹೇಳಿದ ಹಾಗೆಯೇ ಬರೆಯುತ್ತೇನೆ.

ಗಂಗವ್ವನ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಜೋರಾದ ಬಡಿತ. ಎಡಕ್ಕೆ ಹೊರಳಿಸಿದಳು. ಗೂಡ್ಸ್ ಗಾಡಿ ಬರುತ್ತಿರುವ ಸದ್ದು. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಯಾವ ಗಾಡಿ? ಅವಳು ಸ್ಟೆತಸ್ಕೋಪ್ ತೆಗೆದು ಪಕ್ಕದ ಹಾಸಿಗೆಯವರ ಎದೆಗೆ ಇಟ್ಟಳು. ಆ ಸದ್ದು ಅಲ್ಲಿ ಇಲ್ಲ. ಮತ್ತೊಬ್ಬರದು ಕೇಳಿದಳು. ಅಲ್ಲೂ ಇಲ್ಲ. ಮತ್ತೆ ಗಂಗವ್ವನ ಹತ್ತಿರ ಬಂದಳು. ಇದೆ.

"ಇವರಿಗೆ ಮೈಟ್ರಲ್ ಕವಾಟ ಸಣ್ಣದಾಗೈತ್ರಿ ಮೇಡಂ" ಅಂದಳು.

"ಸರಿ ಹೇಳಿದಿ" ಎಂದರು ಮೇಡಂ. "ಇದು ಬಹಳ ಮಂದಿ ಕಿವಿಗೆ ಸಿಗೂದಿಲ್ಲ. ಹೆಂಗ ಗುರುತ ಹಿಡದಿ?"

ಪವಿತ್ರಾ ಕಿವಿಯಿಂದ ಸ್ಟೆತಸ್ಕೋಪ್ ತೆಗೆದಳಂತೆ. "ಮೇಡಂ, ಇದ ಸದ್ದು ನಮ್ಮ ಅತ್ತಿಯವರ ಎದಿಯೊಳಗೂ ಐತ್ರಿ. ನಾ ಅದನ್ನ ಆರೋಗ್ಯದ ಸದ್ದು ಅಂತ ಕಲಿಯಾಕತ್ತಿದ್ನಿ."

ಮೇಡಂ ಫೈಲ್ ಮುಚ್ಚಿ, "ನಾಳೆನ ಅವರನ್ನ ಕರಕೊಂಡ ಬಾ" ಅಂದರು.

ಮಧ್ಯಾಹ್ನ ನನಗೆ ಫೋನು ಬಂತು. ಅವಳು ಬರೀ ಅಳುತ್ತಿದ್ದಳು. ಸೊಸೆ ನಪಾಸಾದಳು ಎಂದೇ ತಿಳಿದು, "ಹೋಗ್ಲಿ ಬಿಡು, ಮನಿಗೆ ಬಾ" ಅಂದೆ. "ಅದಲ್ಲರಿ ಅತ್ತೀ, ನಿಮಗ ಆರಾಮಿಲ್ಲರಿ" ಅಂದಳು. ನನ್ನ ಆರಾಮಿನ ಸುದ್ದಿ ಹುಬ್ಬಳ್ಳಿಯಿಂದ ಬರಬೇಕೇ ಎಂದು ನನಗೆ ನಗು ಬಂತು. ಆಮೇಲೆ ಮೂರು ಕಡೆ ನಿಂತು ದಮ್ಮು ತೆಗೆದುಕೊಂಡ ದಾರಿ ನೆನಪಾಗಿ ನಗು ನಿಂತಿತು.

ಮರುದಿನ ಮಹಾಂತೇಶ ರಜೆ ಹಾಕಿ ನನ್ನನ್ನು ಕರೆದೊಯ್ದ. ಎಕೋ ಮಾಡಿದರು. ಕವಾಟದ ಬಾಯಿ ಬಹಳ ಕಿರಿದಾಗಿತ್ತು. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತೇ ಎಂದು ಮೇಡಂ ಕೇಳಿದರು. ಬಂದಿತ್ತು. ಹತ್ತು ವರ್ಷದವಳಿದ್ದಾಗ ಒಂದು ಮೊಣಕಾಲು ಬಾತು, ಅದು ಇಳಿದು ಇನ್ನೊಂದು ಬಾತು, ಶಾಲೆ ಬಿಟ್ಟು ಮಲಗಿದ್ದೆ. ನಮ್ಮವ್ವ ಬಿಸಿನೀರಿನಿಂದ ಕಾಸುತ್ತಿದ್ದಳು. ವಾಸಿಯಾಯಿತು ಎಂದು ಮರೆತಿದ್ದೆವು. ಆ ಜ್ವರವೇ ಇಷ್ಟು ವರ್ಷ ಒಳಗೆ ಕವಾಟವನ್ನು ಬಿಗಿದಿತ್ತು. ಇನ್ನೂ ತಡವಾಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಒಂದು ದಿನ ಕಷ್ಟವಾಗುತ್ತಿತ್ತು ಎಂದರು.

ಪವಿತ್ರಾ ನನ್ನ ಹಾಸಿಗೆಯ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. "ಹತ್ತ ದಿನಾ ಕೇಳಿದ್ನಿ ಅತ್ತೀ. ತಿಳೀಲಿಲ್ಲ ನನಗ."

"ಹತ್ತ ದಿನಾ ಕೇಳಿದ್ದಕ್ಕ ಇವತ್ತ ತಿಳೀತು" ಅಂದೆ. "ನಾ ಎರಡ ವರ್ಷ ಹೊತ್ಕೊಂಡ ತಿರಗೇನಿ, ನನಗ ತಿಳದೈತೇನು?"

ಮೇಡಂ ಒಂದು ಕೆಲಸ ಮಾಡಿದರು. ಬಲೂನಿನಿಂದ ಕವಾಟ ಅಗಲ ಮಾಡುವ ವಿಷಯವನ್ನು ನನಗೆ ತಿಳಿಸಿ ಒಪ್ಪಿಗೆ ಪಡೆಯುವ ಕೆಲಸವನ್ನು ಪವಿತ್ರಾಳಿಗೇ ವಹಿಸಿದರು. ರೋಗಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳುವುದೂ ಆ ಪುಸ್ತಕದ ಒಂದು ಗುರಿ. ತಾವು ಹಿಂದೆ ನಿಂತು ಕೇಳುತ್ತಿದ್ದರು.

"ಅತ್ತೀ, ಜನರಲ್ ಬೋಗಿ ಬಾಗಲಾ ಅರ್ಧಾ ತೆರದು ಸಿಕ್ಕೊಂಡೈತಿ ಅಂತ ತಿಳ್ಕೋರಿ" ಎಂದು ಶುರು ಮಾಡಿದಳು. "ಹತ್ತೋ ಮಂದಿ ಪ್ಲಾಟ್‌ಫಾರ್ಮಿನ್ಯಾಗ ದಟ್ಟಾಗಿ ನಿಂತಾರ. ನಿಮ್ಮ ರಕ್ತಾನೂ ಹಂಗ ಹಿಂದ ನಿಲ್ಲಾಕತ್ತೈತಿ, ಅದಕ್ಕ ದಮ್ಮು ಹತ್ತತೈತಿ. ತೊಡಿ ರಕ್ತನಾಳದಾಗಿಂದ ಸಣ್ಣ ಬಲೂನ್ ಒಯ್ದು ಬಾಗಲಾ ಅಗಲ ಮಾಡ್ತಾರ. ಅಪಾಯ ಇಲ್ಲ ಅಂತ ನಾ ಹೇಳಂಗಿಲ್ಲ. ಒಮ್ಮೊಮ್ಮೆ ಕವಾಟ ಹರೀತೈತಿ. ಹಂಗಾದ್ರ ಎದಿ ತೆರದು ಆಪರೇಶನ್ ಮಾಡಬೇಕಾಗ್ತೈತಿ."

ಹೇಳುವಾಗ ಅವಳು ಒಂದು ಮಾತನ್ನೂ ನುಂಗಲಿಲ್ಲ. ರಿಪೋರ್ಟ್ ನೋಡಿ ಸುಳ್ಳು ಬರೆದ ಹುಡುಗಿ ಇವಳೇ ಏನು ಅನ್ನಿಸಿತು. ನಾನು ಸಹಿ ಮಾಡಿದೆ.

ಬಲೂನ್ ಹಾಕುವ ದಿನ ಮೈಮೇಲಿನದೆಲ್ಲ ತೆಗೆಯಬೇಕು ಎಂದರು. ಬಳೆ, ಕಿವಿಯೋಲೆ ಕೊಟ್ಟೆ. ಲಿಂಗ ಕೊಡಲಾರೆ ಎಂದೆ. ಪವಿತ್ರಾ ಒಳಗೆ ಹೋಗಿ ಮಾತಾಡಿ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ತಾನೇ ಕಟ್ಟಿದಳು. ಒಳಗೆ ನನಗೆ ಎಚ್ಚರವಿತ್ತು. ಪಂಚಾಕ್ಷರಿ ಅನ್ನುತ್ತಾ ಮಲಗಿದ್ದೆ. ಎಷ್ಟು ಸಲ ಅಂದೆನೋ, ಒಮ್ಮೆಲೇ ಎದೆಯ ಮೇಲಿಂದ ಯಾರೋ ಕೈ ತೆಗೆದಂತಾಯಿತು. ಇಷ್ಟು ದಿನ ಆ ಭಾರ ಇತ್ತು ಎಂದು ತಿಳಿದದ್ದೇ ಅದು ಹೋದಾಗ.

ವಾರ್ಡಿಗೆ ತಂದ ಮೇಲೆ ಮೇಡಂ ನನ್ನನ್ನು ಕೇಳಿ, ಉಳಿದ ಪಿ.ಜಿ. ಹುಡುಗ ಹುಡುಗಿಯರನ್ನೆಲ್ಲ ಕರೆದು ನನ್ನ ಎದೆ ಕೇಳಿಸಿದರು. ಒಬ್ಬೊಬ್ಬರೂ "ಅವ್ವಾ, ಸ್ವಲ್ಪ ಎಡಕ್ಕ ಹೊರಳ್ರಿ" ಅನ್ನುವವರೇ. ಕೊನೆಗೆ ಪವಿತ್ರಾ ಕೇಳಿದಳು. ಬಹಳ ಹೊತ್ತು ಕೇಳಿದಳು. "ಗಾಡಿ ಹೋತ್ರಿ" ಅಂದಳು. ಅಲ್ಲಿದ್ದವರಲ್ಲಿ ಆ ಮಾತು ತಿಳಿದದ್ದು ನಮ್ಮಿಬ್ಬರಿಗೇ. ಮೇಡಂ ಅಲ್ಲಿಯೇ, ನನ್ನ ಹಾಸಿಗೆಯ ಮೇಲೆಯೇ ಪುಸ್ತಕವಿಟ್ಟು ಸಹಿ ಹಾಕಿದರು.

ಈಗ ಪವಿತ್ರಾಳನ್ನು ಮೂರು ತಿಂಗಳ ಮಟ್ಟಿಗೆ ಹಿರೇಕೆರೂರಿನ ಆಸ್ಪತ್ರೆಗೆ ಹಾಕಿದ್ದಾರೆ. ದೊಡ್ಡ ಯಂತ್ರಗಳಿಲ್ಲದ ಕಡೆ ಕಣ್ಣು, ಕೈ, ಕಿವಿಯಿಂದ ರೋಗ ಹಿಡಿಯುವುದು ಅಲ್ಲಿಯ ಗುರಿ. ಅವಳ ಊಟಕ್ಕೆಂದು ನಾನೂ ಹೋಗಿ ಕೆಲವು ದಿನ ಅಲ್ಲಿದ್ದೆ. ಗಂಗವ್ವನಿಗೂ ನನ್ನ ಹಾಗೆಯೇ ಬಲೂನ್ ಆಗಿದೆ. ಮಾಸೂರಿನಿಂದ ತೋರಿಸಿಕೊಳ್ಳಲು ಬಂದವಳು ಬದನೆಕಾಯಿ ತಂದುಕೊಟ್ಟು, "ಅಕ್ಕಾರ, ಈಗ ಮೆಟ್ಟಲಾ ಹತ್ತತೀರೇನ್ರಿ?" ಎಂದು ಕೇಳುತ್ತಿದ್ದಳು. ನಾವಿಬ್ಬರೂ ಎದೆಯ ವಿಷಯ ಬೀಗರ ಸುದ್ದಿಯ ಹಾಗೆ ಮಾತಾಡುತ್ತಿದ್ದೆವು.

ಅಲ್ಲಿದ್ದಾಗ ಒಂದು ಮಧ್ಯಾಹ್ನ ಪವಿತ್ರಾ ಕೇಳಿದಳು, "ಅತ್ತೀ, ಆ ಸೋಮವಾರ ಹಾನಗಲ್ಲದಾಗ ಏನ ಬೇಡ್ಕೊಂಡಿದ್ರಿ?"

ಹೇಳಿದೆ. ಅವಳು ಅಂದಳು, "ನಾನೂ ಅವತ್ತ ಗಾಡ್ಯಾಗ ಕುಂತು ತಾರಕೇಶ್ವರಗ ಬೇಡ್ಕೊಂಡಿದ್ನಿ. ಪಾಸ್ ಮಾಡಪ್ಪಾ ಅನ್ನಾಕ ಬಾಯಿ ಬರಲಿಲ್ಲ. ನನಗ ತಿಳೀದಿದ್ದಕ್ಕ ಯಾರ ಜೀವಾನೂ ಹೋಗಬಾರದು ಅಂತ ಅಷ್ಟ ಬೇಡಿದ್ನಿ."

ನಾವಿಬ್ಬರೂ ಅವತ್ತು ಒಂದೇ ದೇವರ ಹತ್ತಿರ, ಒಬ್ಬರಿಗೊಬ್ಬರು ಹೇಳದೆ ಹೋಗಿದ್ದೆವು. ಆತ ಇಬ್ಬರಿಗೂ ಒಮ್ಮೆಲೇ ಕೊಟ್ಟ.

ಬಂಧುಗಳೇ, ನಿಮ್ಮಲ್ಲಿ ಯಾರಿಗಾದರೂ ನಡೆದರೆ ದಮ್ಮು ಹತ್ತುತ್ತಿದ್ದರೆ, ಚಿಕ್ಕಂದಿನಲ್ಲಿ ಕೀಲು ಬಾತ ಜ್ವರ ಬಂದಿದ್ದರೆ, ವಯಸ್ಸಾಯಿತೆಂದು ಸುಮ್ಮನಿರಬೇಡಿ. ಹರಕೆ ಹೊರಿ, ಜೊತೆಗೆ ಎದೆಯನ್ನೂ ತೋರಿಸಿ. ಕಲಿಯುವ ಡಾಕ್ಟರು ಬಂದು ನಿಮ್ಮನ್ನು ಎಡಕ್ಕೆ ಹೊರಳಿ ಎಂದರೆ ಬೇಸರಿಸದೆ ಹೊರಳಿ. ಆ ಮಕ್ಕಳ ಕಿವಿಯ ಹಿಂದೆ ಯಾರಿದ್ದಾರೆಂದು ನಾನು ಕಂಡಿದ್ದೇನೆ. ತಾರಕೇಶ್ವರನ ಪಾದಕ್ಕೆ, ನನ್ನ ಸೊಸೆಗೆ ಸುಳ್ಳು ಬಿಡಿಸಿ ಕಲಿಸಿದ ಆ ತಾಯಿಗೆ, ಶಿಗ್ಗಾವಿಯ ಬಸ್ಸಿನಲ್ಲಿ ಸೀಟು ಬಿಟ್ಟ ಹೆಣ್ಣುಮಗಳಿಗೆ ನನ್ನ ಶರಣು.