ಡಬ್ಬಾ ಒಯ್ಯುವವಳ ಕಾಲು

ಮಿರಜಿನ ನಮ್ಮ ಮನೆ ರೈಲು ನಿಲ್ದಾಣಕ್ಕೂ ಆಸ್ಪತ್ರೆಗಳಿಗೂ ನಡುವೆ ಇತ್ತು. ಅದೇ ಅದರ ದೊಡ್ಡ ದೋಷ. ಅಥಣಿ, ಜಮಖಂಡಿ, ರಾಯಬಾಗದ ಕಡೆಯ ನೆಂಟರಲ್ಲಿ ಯಾರಿಗೆ ಏನು ಕೊಯ್ಯಬೇಕಾಗಿದ್ದರೂ, ಹೊಲಿಯಬೇಕಾಗಿದ್ದರೂ ಅವರು ಗಾಡಿಯಿಂದ ಇಳಿದು ಮೊದಲು ಬರುತ್ತಿದ್ದುದು ನಮ್ಮ ಪಡಸಾಲೆಗೆ. ನಮ್ಮದು ಲಿಂಗಾಯತ ವ್ಯಾಪಾರಿಗಳ ಮನೆ. ನಮ್ಮವರ, ಅಂದರೆ ನನ್ನ ಗಂಡನ, ಅಜ್ಜನ ಕಾಲಕ್ಕೆ ಆ ಕಡೆಯಿಂದ ಬಂದು ಇಲ್ಲಿಯ ಪೇಟೆಯಲ್ಲಿ ಕಿರಾಣಿ ಅಂಗಡಿ ಹಾಕಿದವರು. ಅಂಗಡಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ಊರು ಬಿಟ್ಟು ಎಷ್ಟು ವರ್ಷವಾದರೂ ಊರಿನವರ ಮುಂದೆ ದೊಡ್ಡ ಮನೆಯವರು ಅನ್ನಿಸಿಕೊಳ್ಳುವ ಚಟ ಮಾತ್ರ ಹೋಗಿರಲಿಲ್ಲ. ಅದಕ್ಕಿದ್ದ ದಾರಿ ಎಂದರೆ ಊಟದ ಡಬ್ಬಾ. ನಮ್ಮ ಕಡೆಯ ಪೇಶಂಟು ಆಸ್ಪತ್ರೆಯ ಅನ್ನ ಉಂಡರೆ ಮನೆತನದ ಮಾನ ಹೋಯಿತೆಂದೇ ಅತ್ತೆ ನಂಬಿದ್ದರು.

ಮಾನ ಅತ್ತೆಯದು, ಡಬ್ಬಾ ಒಯ್ಯುವ ಕೈ ನನ್ನದು. ಮದುವೆಯಾಗಿ ಬಂದವಳು ಈ ಊರಿನ ಗುಡಿಗಳಿಗಿಂತ ಮೊದಲು ವಾರ್ಡುಗಳನ್ನು ಗುರುತು ಹಿಡಿದೆ. ಯಾವ ಗೇಟಿನ ವಾಚ್‌ಮನ್ ಮಧ್ಯಾಹ್ನ ಒಳಗೆ ಬಿಡುತ್ತಾನೆ, ಹೊಟ್ಟೆಯ ಆಪರೇಶನ್ ಆದವರಿಗೆ ಯಾವಾಗ ಗಂಜಿ, ಯಾವಾಗ ಮೆತ್ತನ್ನ ಅನ್ನ, ಪೇಶಂಟಿನ ಹೆಸರು ಬರೆಸುವ ಕೇಸ್ ಪೇಪರಿನ ಕಿಟಕಿಯಲ್ಲಿ ಗದ್ದಲ ಯಾವಾಗ ಕಡಿಮೆ, ಎಲ್ಲ ಬಾಯಿಪಾಠ. ಸಿಸ್ಟರುಗಳು ನನ್ನನ್ನು ‘ಡಬ್ಬಾವಾಲಿ ವಹಿನಿ’, ಡಬ್ಬಾದ ಅತ್ತಿಗೆ, ಎಂದು ಕರೆಯುತ್ತಿದ್ದರು. ಇದು ಕಿವಿಗೆ ಬಿದ್ದಾಗ ಅತ್ತೆ ಹಿಗ್ಗಿ ಓಣಿಯವರಿಗೆಲ್ಲ ಹೇಳಿಕೊಂಡು ಬಂದರು, ತಮಗೇ ಬಿರುದು ಬಂದ ಹಾಗೆ.

ಅದು ಎಲ್ಲರಿಗೂ ಕಾರ್ಖಾನೆಯ ಹುಚ್ಚು ಹಿಡಿದಿದ್ದ ಕಾಲ. ಸರಕಾರ ಹಗ್ಗ ಸಡಿಲ ಬಿಟ್ಟಿದೆ, ಇನ್ನು ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂದು ಪೇಟೆಯಲ್ಲೆಲ್ಲ ಮಾತು. ಮನೆಮನೆಗೆ ಕೇಬಲ್ ಬಂತು, ಓಣಿಗೊಂದು ಎಸ್‌ಟಿಡಿ ಬೂತು ಬಂತು, ಸಾಂಗಲಿಗೂ ಮಿರಜಿಗೂ ನಡುವೆ ಇದ್ದ ಹೊಲಗಳಲ್ಲಿ ಪ್ಲಾಟಿನ ಕಲ್ಲುಗಳು ಎದ್ದವು. ಬೆಲ್ಲ, ಶೇಂಗಾ ತೂಗಿ ತೂಗಿ ಬೇಸತ್ತಿದ್ದ ನಮ್ಮವರು ಕುಪವಾಡದ ಕಾರ್ಖಾನೆ ವಸಾಹತು ಎಂಐಡಿಸಿಯಲ್ಲಿ ಒಂದು ಶೆಡ್ಡು ಹಿಡಿದು, ಪಂಪಿನ ಬಿಡಿಭಾಗ ಮಾಡುವ ಲೇಥ್ ಯಂತ್ರಗಳನ್ನು ಹಾಕಿದರು. ಅಂದಿನಿಂದ ಅವರ ನಡಿಗೆಯೇ ಬೇರೆಯಾಯಿತು. ಮನೆಯಲ್ಲಿ ಯಾರಾದರೂ ‘ಅಂಗಡಿ’ ಎಂದರೆ ಮುಖ ಹುಳ್ಳಗೆ ಮಾಡುತ್ತಿದ್ದರು.

ಮೊದಲ ವರ್ಷದ ಖಂಡೇನವಮಿ. ಯಂತ್ರಗಳಿಗೆ ಪೂಜೆ. ಉಳಿದ ದಿನ ಬೂಟಿಲ್ಲದೆ ಒಳಗೆ ಕಾಲಿಡದ ಕೆಲಸಗಾರರೂ ಅಂದು ಬರಿಗಾಲು, ಯಾಕೆಂದರೆ ಅಂದು ಯಂತ್ರವೇ ದೇವರು, ಶೆಡ್ಡೇ ಗುಡಿ. ಮಾಲಕನ ಹೆಂಡತಿ ಪ್ರತಿ ಯಂತ್ರಕ್ಕೂ ಆರತಿ ಬೆಳಗಬೇಕು. ಶೆಡ್ಡನ್ನು ಗುಡಿಸಿ ತೊಳೆದು ರಂಗೋಲಿ ಹಾಕಿದ್ದರು. ಆದರೆ ಲೇಥಿನಿಂದ ಸುರುಳಿ ಸುರುಳಿಯಾಗಿ ಉದುರುವ ಕಬ್ಬಿಣದ ಚೂರು ಕಸಬರಿಗೆಗೆ ಪೂರ್ತಿ ಸಿಗುವಂಥದಲ್ಲ. ಕೊನೆಯ ಯಂತ್ರದ ಹತ್ತಿರ ಒಂದು ಚೂರು ನನ್ನ ಪಾದದ ಹೊರಬದಿಯಲ್ಲಿ, ಹರಡಿನ ಕೆಳಗೆ, ಸೀಳಿಕೊಂಡು ಹೋಯಿತು. ತಟ್ಟೆ ಅಲುಗಿತು.

“ಏ, ಆರತಿ! ಆರತಿ ಆರಿಸಬ್ಯಾಡ!” ಅಂದರು ಅತ್ತೆ.

ಆರತಿ ಆರಲಿಲ್ಲ. ರಂಗೋಲಿಯ ಮೇಲೆ ಬಿದ್ದ ರಕ್ತವನ್ನು ನೋಡಿ ಯಾರೋ ಕುಂಕುಮ ಚೆಲ್ಲಿದೆ ಅಂದರು. ಯಾರೂ ಅದನ್ನು ತಿದ್ದಲಿಲ್ಲ. ನಾನೂ ಪೇಢೆ ಹಂಚಿ ಮುಗಿಸಿದೆ.

ಮನೆಗೆ ಬಂದ ಮೇಲೆ ಅರಿಶಿಣ. ಸಾಂಗಲಿಯ ಅರಿಶಿಣ ದೇಶವೆಲ್ಲ ಹೋಗುತ್ತದೆ, ನಮ್ಮ ಅಂಗಡಿಯಲ್ಲಂತೂ ಚೀಲಗಟ್ಟಲೆ ಬಿದ್ದಿರುತ್ತಿತ್ತು. ಧನುರ್ವಾತದ ಸೂಜಿ ಹಾಕಿಸಿಕೊಂಡು ಬರುತ್ತೇನೆ ಅಂದದ್ದಕ್ಕೆ ಅತ್ತೆ, “ಅರಿಷಿಣದ ಊರಾಗ ಇದ್ದು, ಗೀರಿದ್ದಕ್ಕ ಸೂಜಿ ಅಂತಾಳ ಇಕಿ!” ಎಂದು ನಕ್ಕರು. ಎಣ್ಣೆಯಲ್ಲಿ ಕಲಸಿದ ಅರಿಶಿಣವನ್ನು ಗಾಯದೊಳಗೆ ತುಂಬಿ ಹಳೆಯ ಧೋತರದ ಪಟ್ಟಿ ಕಟ್ಟಿದರು. ಮರುದಿನ ಅದರ ಮೇಲೆ ಇನ್ನಷ್ಟು ಮೆತ್ತಿದರು. ಅದರ ಮರುದಿನ ಮತ್ತಷ್ಟು. ಪಾದವೆಲ್ಲ ಹಳದಿ ಹಳದಿಯಾಗಿ, ಅದರ ಕೆಳಗೆ ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ಕಾಣದಂತಾಯಿತು.

ಇಷ್ಟರಲ್ಲಿ ಊರಿನಿಂದ ಕಾಕಾ ಬಂದ, ಮಾವನವರ ಚಿಕ್ಕಪ್ಪನ ಮಗ. ಹರ್ನಿಯಾ ಆಪರೇಶನ್. ಬಂದವನು ದೀಪಾವಳಿ ಆದ ಮೇಲೆ ಬರಬಹುದಿತ್ತು, ಆದರೆ ಸುಗ್ಗಿಯೊಳಗೆ ಮೈ ಗಟ್ಟಿಯಾಗಬೇಕಂತೆ. ದಿನಕ್ಕೆ ಎರಡು ಹೊತ್ತು ಡಬ್ಬಾ ಶುರುವಾಯಿತು. ಬಿಸಿ ರೊಟ್ಟಿಯೇ ಬೇಕು, ಹೀರೇಕಾಯಿ ಪಲ್ಯ ಬೇಡ, ಮೊಸರು ಹುಳಿ ಇರಬಾರದು. ನಾನು ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತಾ ಹೋಗಿ ಬರುತ್ತಿದ್ದೆ. ಚಪ್ಪಲಿ ಹಿಡಿಸದಾದಾಗ ನಮ್ಮವರ ಹಳೆಯ ಚಪ್ಪಲಿ ಮೆಟ್ಟಿಕೊಂಡೆ. ಅದೂ ಹಿಡಿಸದಾಯಿತು. ಮೀನಖಂಡ ಬಿಗಿದುಕೊಂಡು ಕಾದ ಹಂಚಿನ ಹಾಗೆ ಸುಡುತ್ತಿತ್ತು. ತೊಡೆಯ ಸಂದಿಯಲ್ಲಿ ಗಂಟು ಎದ್ದಿತ್ತು.

ನಮ್ಮವರಿಗೆ ಹೇಳಿದೆ. “ಗಾಡಿ ಕುಪವಾಡಕ್ಕ ಬೇಕಾಗೈತಿ. ಪಾರ್ಟಿ ಬರಾಕತ್ತೈತಿ. ಸಂಜೀಕ ನೋಡೂಣು,” ಅಂದರು. ಸಂಜೆಗೆ ಆ ಗಿರಾಕಿ ಪಾರ್ಟಿಯ ಜೊತೆ ಊಟಕ್ಕೆ ಹೋದರು.

ಮರುದಿನ ಚಕ್ಕುಲಿ ಕರಿಯುವ ಕೆಲಸ. ಒಲೆಯ ಮುಂದೆ ಕೂತಿದ್ದರೂ ನನಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ. ನಾಚಿಕೆ ಬಿಟ್ಟು ಮತ್ತೆ ಕೇಳಿದೆ.

“ಅತ್ತೀ, ಕಾಲು ಭಾಳ ನೋಯಾಕತ್ತೈತ್ರಿ. ಮೈಯಾಗ ನಡುಕ ಬಂದೈತಿ. ಒಂದ್ಸಲ ತೋರಿಸ್ಕೊಂಡ ಬರ್ಲೇನ್ರಿ?”

ಅತ್ತೆ ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

“ಖಾರ ಕಡಿಮಿ ಬಿದ್ದೈತಿ,” ಅಂದರು. ಆಮೇಲೆ, “ನೋವು ಯಾರಿಗಿಲ್ಲ? ಕಾಕಾ ಹೊಟ್ಟಿ ಕೊಯ್ಸಿಕೊಂಡ ಬಿದ್ದಾನ, ಅವ ಒದರ್ತಾನೇನು?”

ಕಾಕಾ ಒದರುತ್ತಿದ್ದುದು ಎರಡು ವಾರ್ಡಿಗೆ ಕೇಳಿಸುತ್ತಿತ್ತು. ಆದರೆ ಅದನ್ನು ಕೇಳಲು ಅತ್ತೆ ಒಂದು ದಿನವೂ ಅಲ್ಲಿಗೆ ಹೋಗಿರಲಿಲ್ಲ. ಅಂದು ಒಂದು ವಿಷಯ ನನಗೆ ನಿಚ್ಚಳವಾಯಿತು. ನಮ್ಮ ಮನೆಯಲ್ಲಿ ಆಸ್ಪತ್ರೆ ಎನ್ನುವುದು ನೆಂಟರಿಗಾಗಿ ಇದ್ದದ್ದು. ಮನೆಯವರು ಅಲ್ಲಿಗೆ ಹೋಗುವುದು ಡಬ್ಬಾ ಕೊಡಲು. ಸೊಸೆ ಹಾಸಿಗೆ ಹಿಡಿದರೆ ಡಬ್ಬಾ ಯಾರು ಒಯ್ಯಬೇಕು ಎನ್ನುವ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ, ಹಾಗಾಗಿ ಸೊಸೆ ಹಾಸಿಗೆ ಹಿಡಿಯುವ ಹಾಗಿಲ್ಲ.

ಮಧ್ಯಾಹ್ನ ಡಬ್ಬಾ ಹಿಡಿದು ಹೊರಟೆ. ಆಸ್ಪತ್ರೆಯ ಮೆಟ್ಟಿಲನ್ನು ಕೂತು ಕೂತು ಹತ್ತಿದೆ. ಕಾಕಾ ಡಬ್ಬಾ ಬಿಚ್ಚಿ, “ಯವ್ವಾ, ಶೇಂಗಾ ಚಟ್ನಿ ಮರತಿ ನೋಡು,” ಅಂದ. ನಾನು ಕೆಳಗಿಳಿದೆ. ಎದುರಿಗೆ ಗೇಟು, ಬಲಗಡೆ ಕೇಸ್ ಪೇಪರಿನ ಕಿಟಕಿ. ಗೇಟಿನ ಕಡೆ ಹೋದರೆ ಮನೆ, ಚಕ್ಕುಲಿ, ರಾತ್ರಿಯ ಡಬ್ಬಾ. ಆದದ್ದಾಗಲಿ ಎಂದು ಕಿಟಕಿಯ ಸಾಲಿನಲ್ಲಿ ನಿಂತೆ.

“ಪೇಶಂಟ್ ಕೋಣ?” ಕಿಟಕಿಯೊಳಗಿನವನು ಕೇಳಿದ.

ಯಾರು ಪೇಶಂಟು ಎನ್ನುವ ಈ ಪ್ರಶ್ನೆಗೆ ನಾನು ಅದೇ ಕಿಟಕಿಯಲ್ಲಿ ಕಾಕಾ, ಮಾಮಾ, ಮಾವಶಿ ಎಂದು ಎಷ್ಟು ಸಲ ಉತ್ತರ ಕೊಟ್ಟಿದ್ದೆನೋ. ಅಂದು “ಮೀಚ” ಅಂದೆ. ನಾನೇ. ಅವನು ತಲೆ ಎತ್ತಿ, ಚೇಷ್ಟೆ ಮಾಡುತ್ತೀರಾ ವಹಿನಿ ಎಂದು ಮರಾಠಿಯಲ್ಲಿ ನಕ್ಕ. ನಾನು ಅಳಲು ಶುರುಮಾಡಿದ ಮೇಲೆ ನಗು ನಿಲ್ಲಿಸಿದ.

ಪರೀಕ್ಷೆ ಮಾಡಿದವರು ಒಬ್ಬ ಲೇಡಿ ಡಾಕ್ಟರು. ಮರಾಠಿಯವರಾದರೂ ನಮ್ಮ ಕಡೆಯ ಪೇಶಂಟುಗಳಿಂದ ಕನ್ನಡ ಕಲಿತಿದ್ದರು. ಪಟ್ಟಿ ಬಿಚ್ಚಿದ ಕೂಡಲೇ ಕೋಣೆಯೆಲ್ಲ ವಾಸನೆ. ಅರಿಶಿಣವನ್ನು ತೊಳೆದಷ್ಟೂ ಅದು ಪದರು ಪದರಾಗಿ ಎದ್ದು ಬಂತು. ಕೊನೆಗೆ ಕೆಳಗಿನ ಚರ್ಮ ಕಂಡಿತು, ಕೊಳೆತ ಬದನೆಕಾಯಿಯ ಬಣ್ಣ. ಕೆಂಪು ಮೊಣಕಾಲಿನ ಹತ್ತಿರ ಬಂದಿತ್ತು. ಅವರು ಬಾಲ್‌ಪೆನ್ನಿನಿಂದ ಆ ಕೆಂಪಿನ ಅಂಚಿಗೆ ಸುತ್ತ ಗೆರೆ ಎಳೆದರು.

“ಅರಿಷಿಣ ಪಲ್ಯಾಕ ಚೊಲೋ. ಇಷ್ಟ ದಿನಾ ಎಲ್ಲಿದ್ರಿ?”

“ಇಲ್ಲೇ ಇದ್ದೆನ್ರಿ,” ಅಂದೆ. “ದಿನಾ ಎರಡ ಸಲ ಬರ್ತಿದ್ದೆ.”

ಅವರಿಗೆ ಅರ್ಥವಾಗಲಿಲ್ಲ. ಮನೆಗೆ ಹೋಗಿ ಹೇಳಿ ಬರುತ್ತೇನೆ ಎಂದಾಗ ಕಟುವಾಗಿ, “ಮನೀಗೆ ಹೋಗೂದಿಲ್ಲ. ಹೋದ್ರ ಕಾಲು ಉಳಿಯಂಗಿಲ್ಲ. ನೀವೂ ಉಳಿಯೂದು ಗ್ಯಾರಂಟಿ ಇಲ್ಲ,” ಅಂದರು. ಆಗ ನನ್ನ ಬಾಯಿಂದ ಬಂದ ಮಾತು ಏನೆಂದರೆ, ಕಾಕಾನ ರಾತ್ರಿ ಡಬ್ಬಾ? ಇವತ್ತಿಗೂ ಆ ಮಾತು ನೆನಪಾದರೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಕೈಗೆ ಸಲಾಯಿನ್ ಹಚ್ಚಿ ಮಲಗಿಸಿದರು. ಸಿಸ್ಟರು ಮನೆಗೆ ಹೇಳಿಕಳಿಸಿದ ಮೇಲೆ, ಹೊತ್ತು ಮುಳುಗುವಾಗ ನಮ್ಮವರು ಬಂದರು. ಗಾಬರಿಯಾಗಿ ಬಂದಿದ್ದಾರೆ ಅಂದುಕೊಂಡೆ.

“ಕಾಕಾ ಉಪಾಸ ಕೂತಾನ, ನೀ ಇಲ್ಲಿ ಬಂದ ಮಲಗಿ!” ಅಂದರು. ಡಾಕ್ಟರು ಇಂದೇ ಆಪರೇಶನ್ ಎಂದಾಗ, ನನ್ನ ಕಡೆ ನೋಡದೆ ಅವರನ್ನು ಕೇಳಿದರು, “ಹಬ್ಬ ಆದ ಮ್ಯಾಲ ಮಾಡಾಕ ಬರಂಗಿಲ್ಲೇನ್ರಿ? ಮನ್ಯಾಗ ಪಾವ್ಣ್ಯಾರು ಬರಾವ್ರದಾರ.”

ಡಾಕ್ಟರು ಚಾದರ ಸರಿಸಿ ನನ್ನ ಕಾಲು ತೋರಿಸಿದರು. “ಈ ಗೆರಿ ಮಧ್ಯಾಹ್ನ ನಾ ಹಾಕೇನಿ. ಈಗ ಕೆಂಪು ಎಲ್ಲೈತಿ ನೋಡ್ರಿ. ಇದು ನಿಮ್ಮ ಹಬ್ಬಕ್ಕ ಕಾಯಂಗಿಲ್ಲ.”

ಕೆಂಪು ಗೆರೆ ದಾಟಿ ಮೊಣಕಾಲಿನ ಮೇಲೆ ಬಂದಿತ್ತು. ನಮ್ಮವರು ಸಹಿ ಮಾಡಿದರು.

ಸತ್ತ ಮಾಂಸವನ್ನೆಲ್ಲ ಕೆರೆದು ತೆಗೆದರು. ಒಂದು ಸಲಕ್ಕೆ ಮುಗಿಯಲಿಲ್ಲ. ಕಿರುಬೆರಳು ಹೋಯಿತು, ಅದರ ಪಕ್ಕದ್ದೂ ಹೋಯಿತು. ತೊಡೆಯ ಚರ್ಮ ತೆಗೆದು ಕಾಲಿಗೆ ಹಚ್ಚಿದರು. ದಿನವೂ ಪಟ್ಟಿ ಬದಲಿಸುವಾಗ ಆಗುತ್ತಿದ್ದ ನೋವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕಾಲು ಉಳಿಯಿತು. ಒಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಅತ್ತೆ ನೋಡಲು ಬಂದದ್ದು ಬರಿಗೈಯಲ್ಲಿ. “ಇಲ್ಲಿ ಊಟಾ ಕೊಡ್ತಾರಲ್ಲ? ಚೊಲೋ ಇರ್ತೈತಂತ,” ಅಂದರು. ನಾನು ಅವರ ಮುಖವನ್ನೇ ನೋಡಿದೆ. ಅವರು ಕೊಂಕು ಆಡಿರಲಿಲ್ಲ, ನನಗೂ ಡಬ್ಬಾ ತರಬೇಕೆಂದು ನಿಜವಾಗಿಯೇ ಅವರಿಗೆ ತೋಚಿರಲಿಲ್ಲ. ಕಾಕಾ ಡಿಸ್ಚಾರ್ಜ್ ಆಗಿ ಹೋಗುವಾಗ ನನ್ನ ವಾರ್ಡಿಗೆ ಬಂದು, ಕಡೆಯ ದಿನಗಳಲ್ಲಿ ಹೋಟೆಲಿನದು ಉಣ್ಣಬೇಕಾಯಿತು ಎಂದು ಮುನಿಸಿಕೊಂಡು ಹೋದ. ನನಗೆ ಜೋಳದ ಭಾಕರಿ ಸಿಕ್ಕಿದ್ದು ಪಕ್ಕದ ಹಾಸಿಗೆಯ ಕವಲಾಪುರದ ಹೆಂಗಸಿನ ಡಬ್ಬಾದಿಂದ. ನಮ್ಮ ಮನೆಯಿಂದ ಆಸ್ಪತ್ರೆ ಕೂಗಳತೆಯಲ್ಲಿತ್ತು. ಆಕೆಯ ಮಗ ಹೊಲ ಬಿಟ್ಟು, ಎಸ್‌ಟಿ ಬಸ್ಸು ಹಿಡಿದು ಬರುತ್ತಿದ್ದ.

ಕುಂಟುತ್ತಾ ಮನೆಗೆ ಬಂದೆ. ಆಮೇಲೆ ಡಬ್ಬಾ ಒಯ್ಯಲಿಲ್ಲ. ನಮ್ಮವರು ಅದಕ್ಕೊಬ್ಬ ರಿಕ್ಷಾದವನನ್ನು ಗೊತ್ತು ಮಾಡಿದರು. ಅಷ್ಟು ಸುಲಭವಾಗಿತ್ತು ಅದು.

ವರ್ಷಗಳು ಉರುಳಿದವು. ರಸ್ತೆಯುದ್ದಕ್ಕೂ ಗಾಜಿನ ಗೋಡೆಯ ಹೊಸ ಆಸ್ಪತ್ರೆಗಳು ಎದ್ದವು. ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಒಂದು ಬೆಳಿಗ್ಗೆ ಅವರು ಸೀರೆಯ ಅಂಚಿನಲ್ಲಿ ಪಾದ ಮುಚ್ಚಿಕೊಂಡು ಕೂತಿದ್ದನ್ನು ಕಂಡೆ. ಎಳೆದು ನೋಡಿದರೆ ಹೆಬ್ಬೆರಳು ಊದಿ, ಅದರ ಮೇಲೆ ಹಳದಿ ಮೆತ್ತಿತ್ತು. ನಾನು ಬಟ್ಟೆ ಒದ್ದೆ ಮಾಡಿ ಒರೆಸಿದೆ. ಟಿವಿಯ ಮೇಲಿದ್ದ ಪೆನ್ನು ತಂದು ಕೆಂಪಿನ ಸುತ್ತ ಗೆರೆ ಎಳೆದೆ. ರಿಕ್ಷಾ ಕರೆಸಿದೆ.

“ನಾಳೆ ಹೋಗೂಣು. ಇವತ್ತ ಅಮಾಸಿ ಐತಿ,” ಎಂದು ಗೋಗರೆದರು.

“ಏಳ್ರಿ ಮ್ಯಾಲ,” ಅಂದೆ.

ಪ್ರೀತಿಯಿಂದ ಒಯ್ಯಲಿಲ್ಲ. ಆ ಕಾಯಿಲೆ ಏನು ಮಾಡುತ್ತದೆ ಎಂದು ಗೊತ್ತಿದ್ದುದರಿಂದ ಒಯ್ದೆ. ಡಾಕ್ಟರು ನೋಡುವ ಹೊತ್ತಿಗೆ ಕೆಂಪು ಗೆರೆ ದಾಟಿತ್ತು. ಹೆಬ್ಬೆರಳು ತೆಗೆದರು, ಪಾದ ಉಳಿಯಿತು.

ಮರುದಿನ ನಾನೇ ಡಬ್ಬಾ ಕಟ್ಟಿಕೊಂಡು ಹೋದೆ. ಆಗಷ್ಟೇ ಪಟ್ಟಿ ಬದಲಿಸಿದ್ದರು. ಅತ್ತೆ ಬೆವೆತು, ಮಂಚದ ಕಂಬಿ ಹಿಡಿದು ನಡುಗುತ್ತಿದ್ದರು. ಆ ಮುಖ ನೋಡಿ ನನಗೆ ಕನಿಕರ ಬರಲಿಲ್ಲ. ಸಮಾಧಾನವಾಯಿತು.

“ಇಷ್ಟ ನೋಯ್ತೈತೇನ ಇದು?” ಅಂದರು. “ನೀ ಅವಾಗ ಯಾಕ ಹೇಳಲಿಲ್ಲ?”

“ಹೇಳಿದ್ದೆನ್ರಿ ಅತ್ತೀ. ಚಕ್ಕುಲಿ ಕರಿಯೂವಾಗ. ಖಾರ ಕಡಿಮಿ ಬಿದ್ದೈತಿ ಅಂದ್ರಿ.”

ಅವರಿಗೆ ನೆನಪಿತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಡಬ್ಬಾ ಬಿಚ್ಚಿ, ಭಾಕರಿ ಮುರಿದು ಸಾರಿನಲ್ಲಿ ಅದ್ದಿ ಮುಂದೆ ಹಿಡಿದೆ. ಅವರು ಬಾಯಿ ತೆರೆಯಲಿಲ್ಲ.

“ನಾಳಿಂದ ತರಬ್ಯಾಡ,” ಅಂದರು ಸಣ್ಣ ದನಿಯಲ್ಲಿ. “ನನಗ ಇಲ್ಲೀದ ಊಟಾನ ಸಾಕು.”

“ಇಲ್ರಿ,” ಅಂದೆ. “ದಿನಾ ಎರಡ ಹೊತ್ತು ನಾನ ತರ್ತೇನಿ. ನೀವು ನನ್ನ ಮುಂದ ಕುಂತು ಉಣಬೇಕು.”